ಕಾನ್‌ಲ್ಯಾಂಗ್ ಕಲಿಯೋಕೆ ಯಾವ ಥರದ ಫ್ಲ್ಯಾಶ್‌ಕಾರ್ಡ್? ಆಪ್ ಆಮೇಲೆ, ಮೊದಲು ಭಾಷೆ ನೋಡಿ

ಎಸ್ಪೆರಾಂಟೊ, ಟೋಕಿ ಪೋನಾ, ಲೋಜ್ಬಾನ್, ಕ್ಲಿಂಗಾನ್ ಇಂಥ ಯಾರೋ ಕೂತು ಕಟ್ಟಿದ ಭಾಷೆ (ಇದನ್ನೇ ಕಾನ್‌ಲ್ಯಾಂಗ್ ಅನ್ನೋದು) ಕಲಿಯೋಕೆ ಹೊರಟವರು ಮೊದಲು ಕೇಳೋದೇ ಯಾವ ಆಪ್ ಹಾಕ್ಕೊಳ್ಳಲಿ ಅಂತ. ಆಂಕಿ ಒಳ್ಳೇದಾ, ಕ್ವಿಜ್ಲೆಟ್ ಸಾಕಾ, ಇಲ್ಲ ಪೇಪರ್ ಕಾರ್ಡೇ ವಾಸಿನಾ. ಅದಕ್ಕೂ ಕೆಳಗೆ ಬರ್ತೀನಿ, ಆದ್ರೆ ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರೋ ಈ ಕಾರ್ಡ್ ಮೇಲೆ ಏನು ಬರೀಬೇಕು ಅನ್ನೋದು ಮೊದಲನೇದು, ಮತ್ತೆ ಅದನ್ನ ತೀರ್ಮಾನ ಮಾಡೋದು ನೀವಲ್ಲ, ಆಪ್ ಕೂಡ ಅಲ್ಲ, ಆ ಭಾಷೆ ತನ್ನ ಪದಗಳನ್ನ ಹೇಗೆ ಕಟ್ಟಿಕೊಂಡಿದೆ ಅನ್ನೋದು. ಒಂದು ಭಾಷೆಗೆ ಸರಿಹೋದ ಕಾರ್ಡ್ ಇನ್ನೊಂದಕ್ಕೆ ಪೂರ್ತಿ ದಂಡ ಆಗಬಹುದು.

ಫ್ರೆಂಚ್, ಸ್ಪ್ಯಾನಿಷ್ ಕಲಿಯೋರಿಗೆ ಇರೋ ಒಂದು ಅನುಕೂಲ ನಮಗಿಲ್ಲ. ಅವರು ಕಾರ್ಡ್ ನೋಡದೇ ಇದ್ರೂ ಸಿನಿಮಾ, ಹಾಡು, ನ್ಯೂಸ್, ಪ್ಯಾಕೆಟ್ ಮೇಲಿನ ಬರಹ ಎಲ್ಲಾ ಕಡೆ ಆ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳತ್ತೆ. ಕಾನ್‌ಲ್ಯಾಂಗ್ ಹಾಗಲ್ಲ, ನೀವಾಗಿ ಹುಡುಕ್ಕೊಂಡು ಹೋಗದೇ ಇದ್ರೆ ಪದ ತಾನಾಗಿ ಎದುರಿಗೆ ಬರೋದಿಲ್ಲ, ಅದಕ್ಕೇ ಇಲ್ಲಿ ಕಾರ್ಡ್‌ನ ಕೆಲಸ ಜಾಸ್ತಿ. ಇನ್ನೊಂದು ಕಡೆಯಿಂದ ನೋಡಿದ್ರೆ ಪದಗಳ ಸಂಖ್ಯೆ ಕಡಿಮೆ, ನಿಯಮಗಳು ಅಚ್ಚುಕಟ್ಟು, ಮುಖ್ಯ ಪದಗಳಿಗೆ ಒಂದು ಕೊನೆ ಅಂತ ಕಾಣತ್ತೆ. ಈ ಎರಡನ್ನೂ ತಲೇಲಿ ಇಟ್ಕೊಂಡೇ ಮುಂದಿನದು ಓದಿ.

(ಓದೋಕೆ ಸುಲಭ ಆಗ್ಲಿ ಅಂತ ಇಲ್ಲಿ ಎಲ್ಲಾ ಪದ ಕನ್ನಡ ಲಿಪೀಲಿ ಬರೆದಿದ್ದೀನಿ. ನಿಮ್ಮ ಕಾರ್ಡ್‌ಲಿ ಮಾತ್ರ ಆ ಭಾಷೆಯ ಸ್ವಂತ ಬರಹದಲ್ಲೇ ಬರೀರಿ, ಯಾಕೆ ಅಂತ ಕ್ಲಿಂಗಾನ್ ಹತ್ರ ಬಂದಾಗ ಗೊತ್ತಾಗತ್ತೆ.)

ಟೋಕಿ ಪೋನಾ: ಪದ ಕಡಿಮೆ, ಅರ್ಥ ಅಗಲ

ಸೋನ್ಯಾ ಲ್ಯಾಂಗ್ 2001ರಲ್ಲಿ ಹೊರಗೆ ತಂದ ಭಾಷೆ ಇದು. 2014ರ ಪುಸ್ತಕದಲ್ಲಿ 120 ಪದ, 2021ರ ಡಿಕ್ಷನರಿಯನ್ನೂ ಸೇರಿಸ್ಕೊಂಡ್ರೆ ಮುಖ್ಯ ಪದಗಳು 137. ದಿನಕ್ಕೆ ಐದೇ ಹೊಸ ಕಾರ್ಡ್ ಅಂತ ಇಟ್ಕೊಂಡ್ರೂ ಒಂದು ತಿಂಗಳೊಳಗೆ ಎಲ್ಲಾ ಒಂದು ಸುತ್ತು ನೋಡಿ ಆಗತ್ತೆ. ಹಾಗಾಗಿ ನೆನಪಿನ ಕಷ್ಟ ಇಲ್ಲಿ ದೊಡ್ಡದಲ್ಲ. 'ತೇಲೋ' ಅಂತ ಒಂದು ಪದ ಇದೆ, ಅದರ ಹಿಂದೆ 'ನೀರು' ಅಂತ ಬರೆದು ಬಿಟ್ರೆ ಪದ ನೆನಪಿರತ್ತೆ ಆದ್ರೆ ಭಾಷೆ ಬರಲ್ಲ, ಯಾಕಂದ್ರೆ ತೇಲೋ ಅಂದ್ರೆ ನೀರೂ ಹೌದು, ಬೇರೆ ದ್ರವಾನೂ ಹೌದು, ಒದ್ದೆ ಅನ್ನೋದೂ ಹೌದು, ಕ್ರಿಯಾಪದ ಆದ್ರೆ ತೊಳೆಯೋದೂ ಹೌದು.

ಇದಕ್ಕೆ ನಾನು ಹೇಳೋ ಕಾರ್ಡ್ ಹೀಗಿರತ್ತೆ. ಮುಂದೆ 'ತೇಲೋ' ಅಷ್ಟೇ. ಹಿಂದೆ ಒಂದು ಅರ್ಥ ಬರೆಯೋ ಬದಲು ಮೂರು ಸಣ್ಣ ಬಳಕೆ: 'ತೇಲೋ ಕಿಲಿ' ಹಣ್ಣಿನ ರಸ, 'ತೊಮೋ ತೇಲೋ' ಬಚ್ಚಲು, 'ಮಿ ತೇಲೋ ಎ ಲೆನ್' ನಾನು ಬಟ್ಟೆ ತೊಳೀತೀನಿ. ಮೂರನ್ನೂ ಬಾಯಿಪಾಠ ಹೇಳಬೇಕು ಅಂತಿಲ್ಲ, ತಲೇಲಿ ಆ ಪದದ ಸುತ್ತಳತೆ ಮೂಡಿದ್ರೆ 'ಬಂತು' ಅಂತ ಒತ್ತಿ ಮುಂದೆ ಹೋಗಿ.

ಉಲ್ಟಾ ಕಾರ್ಡ್, ಅಂದ್ರೆ ಮುಂದೆ ಕನ್ನಡ ಅಥವಾ ಇಂಗ್ಲಿಷ್ ಪದ ಹಿಂದೆ ಟೋಕಿ ಪೋನಾ, ಇದನ್ನ ಈ ಭಾಷೆಗೆ ಮಾಡ್ಲೇಬೇಡಿ ಅಂತ ಹೇಳ್ತೀನಿ. 'ಬಸ್' ಅಂತ ಮುಂದೆ ಬರೆದ್ರೆ ಹಿಂದೆ ಏನು ಬರೀತೀರ? 'ತೊಮೋ ತಾವಾ' ಅಂದ್ರೆ ಓಡಾಡೋ ಮನೆ ಥರದ್ದು, ಅದು ಸರಿ, 'ಇಲೋ ತಾವಾ' ಅಂದ್ರೆ ಓಡಾಡೋಕೆ ಇರೋ ಸಾಧನ, ಅದೂ ಸರಿನೇ, ನೀವು ಆ ಹೊತ್ತಿಗೆ ಅದನ್ನ ಹೇಗೆ ನೋಡ್ತಿದ್ದೀರ ಅನ್ನೋದರ ಮೇಲೆ ಹೋಗತ್ತೆ. ಒಂದೇ ಉತ್ತರ ಗಟ್ಟಿ ಮಾಡ್ಕೊಂಡ್ರೆ ಈ ಭಾಷೆಯ ಜೀವಾನೇ ಹೋಯ್ತು. ಉಲ್ಟಾ ಅಭ್ಯಾಸಕ್ಕೆ ಕಾರ್ಡ್ ಬಿಟ್ಟು ದಿನಕ್ಕೆ ಎರಡು ವಾಕ್ಯ ಬರೆದು ಯಾರಿಗಾದ್ರೂ ಕಳ್ಸಿ, ಅದೇ ಸರಿಯಾದ ದಾರಿ. ಪದಕ್ಕೊಂದು ಚಿಹ್ನೆ ಇರೋ ಸಿತೆಲೆನ್ ಪೋನಾ ಬರಹ ಕಲಿಯೋದಾದ್ರೆ ಮಾತ್ರ ಒಂದು ಬೇರೆ ಕಟ್ಟು ಕಾರ್ಡ್ ಮಾಡ್ಕೊಳ್ಳಿ, ಅಲ್ಲಿ ಎರಡೂ ದಿಕ್ಕು ಚೆನ್ನಾಗಿ ಕೆಲಸ ಮಾಡತ್ತೆ.

ಎಸ್ಪೆರಾಂಟೊ: ಪದ ಅಲ್ಲ, ಬಿಡಿಭಾಗ

ಈ ಭಾಷೆ ಕಟ್ಟಿದ ಜಾಮೆನ್‌ಹೋಫ್ 1887ರಲ್ಲಿ ಮೊದಲ ಪುಸ್ತಕ ತಂದಾಗ ಅದರಲ್ಲಿ ಇದ್ದಿದ್ದು ಸುಮಾರು 900 ಬೇರುಗಳು ಅಷ್ಟೇ, ಬಾಕಿ ಎಲ್ಲಾ ಪ್ರತ್ಯಯ ಹಚ್ಚಿ ಕಟ್ಕೊಳ್ಳೋದು. ಕನ್ನಡದವರಿಗೆ ಪ್ರತ್ಯಯ ಅಂದ್ರೆ ಹೊಸದಲ್ಲ, ಹಾಗಾಗಿ ಇದು ಬೇಗ ಹಿಡಿಸತ್ತೆ. 'ಸಾನಾ' ಅಂದ್ರೆ ಆರೋಗ್ಯವಾಗಿರೋ, ಮುಂದೆ 'ಮಾಲ್' ಸೇರಿದ್ರೆ ತದ್ವಿರುದ್ಧ, 'ಮಾಲ್ಸಾನಾ' ಕಾಯಿಲೆ ಇರೋ, 'ಉಲ್' ಅಂದ್ರೆ ಅಂಥ ವ್ಯಕ್ತಿ, 'ಮಾಲ್ಸಾನೂಲೋ' ರೋಗಿ, 'ಏಯ್' ಅಂದ್ರೆ ಜಾಗ, 'ಮಾಲ್ಸಾನುಲೇಯೋ' ಆಸ್ಪತ್ರೆ.

ಇಲ್ಲಿ ಆಯ್ಕೆ ಎರಡು. ಒಂದು, ನಾಲ್ಕು ಪದಕ್ಕೂ ನಾಲ್ಕು ಕಾರ್ಡ್. ಎರಡು, 'ಸಾನ್' ಬೇರಿಗೆ ಒಂದು ಕಾರ್ಡ್, ಪ್ರತ್ಯಯಗಳಿಗೆ ಒಂದೊಂದು ಕಾರ್ಡ್, ಜೊತೆಗೆ ಜೋಡಿಸಿದ ಪದ ಕೊಟ್ಟು ಬಿಡಿಸಿ ಅರ್ಥ ಹೇಳೋ ಕಾರ್ಡ್ ಅಲ್ಲೊಂದು ಇಲ್ಲೊಂದು. ಎರಡನೇದೇ ಸರಿ, ಇದರಲ್ಲಿ ನನಗೆ ಅನುಮಾನ ಇಲ್ಲ. ರೆಡಿ ಸಿಗೋ ಎಷ್ಟೋ ಡೆಕ್‌ಗಳು, ಅಂದ್ರೆ ಕಾರ್ಡ್‌ಗಳ ಕಟ್ಟುಗಳು, ಮೊದಲನೇ ಥರ ಇರತ್ತೆ, ಸಾವಿರಾರು ಕಾರ್ಡ್ ಅಂತ ನೋಡೋಕೆ ಭರ್ಜರಿ, ಆದ್ರೆ ಅರ್ಧಕ್ಕರ್ಧ ನೀವೇ ಕಟ್ಕೋಬಹುದಾದ ಪದಗಳು. ಒಂದು ಎಚ್ಚರಿಕೆ ಮಾತ್ರ, ಬಿಡಿಸಿದ್ರೂ ಅರ್ಥ ತಾನಾಗಿ ಹೊಳೆಯದೇ ಇರೋ ಪದಗಳಿವೆ. 'ಎಲ್' ಅಂದ್ರೆ ಹೊರಗೆ, 'ದೋನಿ' ಅಂದ್ರೆ ಕೊಡು, ಆದ್ರೆ 'ಎಲ್ದೋನಿ' ಅಂದ್ರೆ ಪುಸ್ತಕ ಪ್ರಕಟಿಸೋದು. ಇಂಥವಕ್ಕೆ ಸ್ವಂತ ಕಾರ್ಡ್ ಬೇಕೇ ಬೇಕು.

ಕೀಓ, ಕೀಉ, ಕೀಎ, ಕೀಆಮ್ ಅಂತ ಸಾಗೋ 45 ಪದಗಳ ಕೋಷ್ಟಕ ಇದೆಯಲ್ಲ, ಅದು ಹೊಸಬರನ್ನ ಹೆದರಿಸೋ ಜಾಗ. 45 ಕಾರ್ಡ್ ಮಾಡಬೇಡಿ. ಐದು ಆರಂಭ, ಒಂಬತ್ತು ಕೊನೆ, ಒಟ್ಟು 14 ತುಂಡು, ಅಷ್ಟಕ್ಕೇ ಕಾರ್ಡ್ ಮಾಡಿ. 'ಕೀ' ಅಂದ್ರೆ ಪ್ರಶ್ನೆ, 'ತೀ' ಅಂದ್ರೆ ಆ, 'ಚೀ' ಅಂದ್ರೆ ಎಲ್ಲಾ, 'ಆಮ್' ಅಂದ್ರೆ ಸಮಯ ಅಂತ ಗೊತ್ತಾದ್ಮೇಲೆ 'ಚೀಆಮ್' ಯಾವಾಗ್ಲೂ ಅಂತ ನೀವೇ ಹೇಳ್ತೀರ. ಆಮೇಲೆ ಹತ್ತು ಹದಿನೈದು ವಾಕ್ಯದ ಕಾರ್ಡ್ ಸಾಕು.

ಇದಕ್ಕಿಂತ ಕಾಡೋದು 'ಆವ್' ಅಂತ ಕೊನೆಯಾಗೋ ಪುಟ್ಟ ಪದಗಳು: ಆಂಕಾವ್ (ಕೂಡ), ಆಂಕೋರಾವ್ (ಇನ್ನೂ), ಆಪೇನಾವ್ (ಕಷ್ಟಪಟ್ಟು, ಅಷ್ಟಕ್ಕಷ್ಟೇ), ಅಲ್ಮೇನಾವ್ (ಕೊನೇಪಕ್ಷ), ಬಾಲ್ದಾವ್ (ಸದ್ಯದಲ್ಲೇ), ಪ್ರೆಸ್ಕಾವ್ (ಹೆಚ್ಚುಕಮ್ಮಿ). ಇವನ್ನ ಒಂದೇ ದಿನ ಹಾಕಿದ್ರೆ ಒಂದಕ್ಕೊಂದು ಸಿಕ್ಕು ಬಿದ್ದು ತಿಂಗಳಾದ್ರೂ ಬಿಡಿಸೋಕಾಗಲ್ಲ. ವಾರಕ್ಕೊಂದರಂತೆ ಬಿಡಿ, ಒಂಟಿ ಪದವಾಗಿ ಅಲ್ಲ, ವಾಕ್ಯದೊಳಗೆ ಖಾಲಿ ಜಾಗ ಬಿಟ್ಟು.

ಕ್ರಿಯಾಪದಗಳಿಗೂ ವಾಕ್ಯಾನೇ ವಾಸಿ. 'ಬೋಲಿ' ಅಂದ್ರೆ ಕುದಿಯೋದು, ನೀವು ನೀರು ಕುದಿಸಿದ್ರೆ ಅದು 'ಬೋಲೀಗಿ'. ಕಾರ್ಡ್ ಹಿಂದೆ ಸಕರ್ಮಕ ಅಕರ್ಮಕ ಅಂತ ಗುರುತು ಹಾಕೋರಿದ್ದಾರೆ, ಆ ಗುರುತು ಯಾರಿಗೂ ನೆನಪಿರಲ್ಲ. 'ಲಾ ಆಕ್ವೋ ಬೋಲಾಸ್', 'ಮೀ ಬೋಲೀಗಾಸ್ ಆಕ್ವೋನ್' ಅಂತ ಎರಡು ವಾಕ್ಯ ಬರೆದ್ರೆ ಕುದಿ ಮತ್ತು ಕುದಿಸು ಎರಡೂ ತಾನಾಗೇ ಬೇರೆಬೇರೆ ಕೂತ್ಕೊಳ್ಳತ್ತೆ. ಅಂದಹಾಗೆ ಇಂಥ ಕಡೆ ಕಾರ್ಡ್‌ಲಿ ಅರ್ಥ ಕನ್ನಡದಲ್ಲೇ ಬರೆಯೋದು ಇಂಗ್ಲಿಷ್‌ಗಿಂತ ಚೆನ್ನಾಗಿ ನಡೆಯತ್ತೆ, ಯಾಕಂದ್ರೆ ಇಂಗ್ಲಿಷ್‌ಲಿ ಈ ಎರಡಕ್ಕೂ ಒಂದೇ ಪದ, ನಮ್ಮಲ್ಲಿ ಪ್ರತ್ಯಯಾನೇ ವ್ಯತ್ಯಾಸ ತೋರಿಸತ್ತೆ.

ಲೋಜ್ಬಾನ್: ಕಾರ್ಡ್ ಹಿಂದೆ ಜಾಗ ಬೇಕು

1987ರಿಂದ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್ ಬೆಳೆಸ್ಕೊಂಡು ಬಂದಿರೋ ಭಾಷೆ. ಗಿಸ್ಮು ಅನ್ನೋ ಐದಕ್ಷರದ ಬೇರುಪದ ಸುಮಾರು 1350. ಚೀನಿ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರೇಬಿಕ್ ಈ ಆರು ಭಾಷೆಯ ಶಬ್ದಗಳನ್ನ ಲೆಕ್ಕ ಹಾಕಿ ಬೆರೆಸಿ ಮಾಡಿದ್ದು. ಹಾಗಾಗಿ ಎಲ್ಲೋ ಒಂದು ಎಳೆ ಪರಿಚಿತ ಅನ್ಸಬಹುದು, ಆದ್ರೆ ಹೆಚ್ಚಿನವು ಕಿವಿಗೆ ಅರ್ಥವಿಲ್ಲದ ಉಚ್ಚಾರದ ಥರಾನೇ ಕೇಳ್ಸತ್ತೆ. ಮರೆವಿನ ಬಗ್ಗೆ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳು ತನ್ನ ಮೇಲೆ ತಾನೇ ಮಾಡ್ಕೊಂಡಿದ್ದು, ಅದಕ್ಕೆ ಬಳಸಿದ್ದೂ ಅರ್ಥವಿಲ್ಲದ ಉಚ್ಚಾರಗಳನ್ನೇ, ಅವು ಬೇಗ ಜಾರಿಹೋಗ್ತಿದ್ವು. ಲೋಜ್ಬಾನ್ ಕಲಿಯೋರಿಗೆ ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ಕಾರ್ಡ್ ನೋಡೋದು ಬೇರೆಯವರಿಗಿಂತ ಜಾಸ್ತಿ ಬೇಕಾಗೋದು ಇದಕ್ಕೇ.

ಎರಡನೇ ತೊಂದರೆ ಒಂದೇ ಥರ ಕಾಣೋ ಪದಗಳು. ಶಿತ್ಕಾ ತಿನ್ನೋದು, ಶಿತ್ನೋ ಚಿಕ್ಕ ವಯಸ್ಸಿನ, ಶಿತ್ರಿ ಇತಿಹಾಸ, ಶಿತ್ಸಿ ಋತು. ಅಕ್ಷರಮಾಲೆ ಕ್ರಮದಲ್ಲಿ ಕಲಿಯೋದು ಇಲ್ಲಿ ಅತಿ ಕೆಟ್ಟ ದಾರಿ, ಡೆಕ್ ಸಿಕ್ಕ ಕೂಡಲೇ ಆರ್ಡರ್ ಕಲಸಿ, ಇಲ್ಲ ಹೆಚ್ಚು ಬಳಕೆಯಾಗೋ ಪದಗಳನ್ನ ಮುಂದಕ್ಕೆ ತನ್ನಿ.

ಆದ್ರೆ ನಿಜವಾದ ಕೆಲಸ ಇರೋದು ಸ್ಥಾನಗಳಲ್ಲಿ. 'ಕ್ಲಾಮಾ' ಅಂದ್ರೆ ಹೋಗು ಅಂತ ಮಾತ್ರ ಬರೆದ್ರೆ ಕಾಲುಭಾಗಾನೂ ಕಲಿತ ಹಾಗಲ್ಲ. ಅದಕ್ಕೆ ಐದು ಸ್ಥಾನ: ಹೋಗೋರು ಯಾರು, ಎಲ್ಲಿಗೆ, ಎಲ್ಲಿಂದ, ಯಾವ ದಾರೀಲಿ, ಯಾವುದರಲ್ಲಿ. ಐದನ್ನೂ ಒಂದೇ ಕಾರ್ಡ್ ಹಿಂದೆ ತುಂಬಿಸಿ ಎಲ್ಲಾ ಹೇಳಿದ್ರೆ ಮಾತ್ರ ಪಾಸ್ ಅಂತ ಇಟ್ಕೊಂಡ್ರೆ ಪ್ರತಿಸಲ ನಾಲ್ಕು ನೆನಪಾಗಿ ಒಂದು ತಪ್ಪತ್ತೆ, ಆಗ ಬಂತು ಅಂತ ಒತ್ತಬೇಕಾ ಬರ್ಲಿಲ್ಲ ಅಂತ ಒತ್ತಬೇಕಾ ಗೊತ್ತಾಗಲ್ಲ, ಕಾರ್ಡನ್ನ ಮತ್ತೆ ಯಾವಾಗ ತೋರಿಸಬೇಕು ಅನ್ನೋ ಆಪ್‌ನ ಲೆಕ್ಕಾನೇ ಕೆಡತ್ತೆ. ಬದಲಿಗೆ ಒಂದೇ ನೋಟ್‌ನಿಂದ (ಆಂಕಿಯಲ್ಲಿ ಒಂದು ಪದದ ಮಾಹಿತಿಯೆಲ್ಲಾ ಇರೋ ದಾಖಲೆ) ಮೂರು ಕಾರ್ಡ್ ಬರೋ ಹಾಗೆ ಮಾಡಿ. ಮೊದಲನೇದು ಬರೀ ಪದ, ಬರೀ ಮುಖ್ಯ ಅರ್ಥ. ಎರಡನೇದು 'ಮಿ ಕ್ಲಾಮಾ ಲೊ ಜಾರ್ಶಿ ಲೊ ಜ್ದಾನಿ' ಅಂತ ವಾಕ್ಯ ಕೊಟ್ಟು, ಅಂಗಡಿಗೆ ಹೋಗ್ತಿದ್ದಾರಾ ಅಂಗಡಿಯಿಂದ ಬರ್ತಿದ್ದಾರಾ ಅಂತ ಕೇಳೋದು (ಅಂಗಡಿಗೆ, ಮನೆಯಿಂದ). ಮೂರನೇದು 'ಸೆ ಕ್ಲಾಮಾ' ಅಂದ್ರೆ ಏನು ಅಂತ, ಉತ್ತರ ಹೋಗಿ ಸೇರೋ ಜಾಗ, ಯಾಕಂದ್ರೆ 'ಸೆ' ಒಂದನೇ ಎರಡನೇ ಸ್ಥಾನ ಅದಲುಬದಲು ಮಾಡತ್ತೆ. ನಾಲ್ಕನೇ ಐದನೇ ಸ್ಥಾನ ಶುರುವಿನಲ್ಲಿ ಬಿಡಿ, ಓದೋವಾಗ ಎದುರಾದಾಗ ಸೇರಿಸ್ಕೊಳ್ಳಿ. 'ಕ್ಲಾ' ಅಂತ ರಾಫ್ಸಿ, ಅಂದ್ರೆ ಜೋಡುಪದದಲ್ಲಿ ಬರೋ ಚಿಕ್ಕ ರೂಪ, ಅದನ್ನೂ ಈಗಲೇ ಕಲಿಯೋ ಅವಸರ ಬೇಡ.

ಕ್ಲಿಂಗಾನ್: ಟೈಪ್ ಮಾಡಿಸೋ ಕಾರ್ಡ್

ಸ್ಟಾರ್ ಟ್ರೆಕ್ ಸಿನಿಮಾಗಳಿಗೆ ಅಂತ ಮಾರ್ಕ್ ಓಕ್ರಾಂಡ್ ಕಟ್ಟಿದ್ದು, ಡಿಕ್ಷನರಿ ಬಂದಿದ್ದು 1985ರಲ್ಲಿ. ಇದರ ಬರಹದಲ್ಲಿ ಚಿಕ್ಕ ಕ್ಯೂ (q) ಬೇರೆ ಅಕ್ಷರ, ದೊಡ್ಡ ಕ್ಯೂ (Q) ಬೇರೆ ಅಕ್ಷರ, ಉಚ್ಚಾರಾನೂ ಬೇರೆ. ಕನ್ನಡದಲ್ಲಿ ಬರೆದ್ರೆ ಎರಡೂ 'ಕ' ಆಗಿಬಿಡತ್ತೆ, ಅದಕ್ಕೇ ಮೇಲೆ ಹೇಳಿದ್ದು ಕಾರ್ಡ್‌ಲಿ ಮೂಲ ಬರಹಾನೇ ಇರಲಿ ಅಂತ. ಆಂಕಿಯಲ್ಲಿ ಉತ್ತರ ಟೈಪ್ ಮಾಡಿಸೋ ಸೌಲಭ್ಯ ಇದೆ, ಅದನ್ನ ಈ ಭಾಷೆಗೆ ಹಾಕ್ಕೊಳ್ಳಿ, ಮನಸ್ಸಲ್ಲೇ ಹೇಳ್ಕೊಂಡು ಹೋದ್ರೆ ಅಕ್ಷರದ ತಪ್ಪು ಕಾಣೋದೇ ಇಲ್ಲ. ಕ್ರಿಯಾಪದದ ಮುಂದೆ ಬರೋ ಪ್ರಿಫಿಕ್ಸ್ ಯಾರು ಯಾರನ್ನ ಅನ್ನೋದನ್ನ ಒಟ್ಟಿಗೇ ಹೇಳತ್ತೆ, 'ಕಲೆಘ್' ನಾನು ನಿನ್ನ ನೋಡ್ತೀನಿ, 'ಚೊಲೆಘ್' ನೀನು ನನ್ನ ನೋಡ್ತೀಯ. ಪ್ರಿಫಿಕ್ಸ್ ಒಂದನ್ನೇ ಕಾರ್ಡ್ ಮಾಡೋದಕ್ಕಿಂತ ಹೀಗೆ ಗೊತ್ತಿರೋ ಒಂದೇ ಕ್ರಿಯಾಪದಕ್ಕೆ ಅಂಟಿಸಿ ಕಾರ್ಡ್ ಮಾಡೋದು ವಾಸಿ.

ಗುರುತಿಸೋದಾ, ಹೇಳೋದಾ

ಓದಿ ಅರ್ಥ ಆದ್ರೆ ಸಾಕು ಅನ್ನೋರಿಗೆ ಆ ಭಾಷೆಯಿಂದ ನಿಮ್ಮ ಭಾಷೆಗೆ ಬರೋ ಕಾರ್ಡ್ ಸಾಕು. ಚಾಟ್ ಮಾಡಬೇಕು, ಬರೀಬೇಕು ಅನ್ನೋರಿಗೆ ಉಲ್ಟಾನೂ ಬೇಕು, ಮತ್ತೆ ಕಾನ್‌ಲ್ಯಾಂಗ್ ಕಲಿಯೋರಲ್ಲಿ ಹೆಚ್ಚಿನವರು ಈ ಗುಂಪಿನವರೇ. ಎಲ್ಲಾ ಪದಕ್ಕೂ ಎರಡೂ ದಿಕ್ಕು ಹಾಕಿದ್ರೆ ಕೆಲಸ ಎರಡರಷ್ಟು, ಅದನ್ನ ತಡ್ಕೊಳ್ಳೋಕೆ ಎಲ್ಲರಿಗೂ ಆಗಲ್ಲ. ನನ್ನ ಸಲಹೆ, ಟೋಕಿ ಪೋನಾ ಬಿಟ್ಟು ಬೇರೆ ಭಾಷೆಗಳಲ್ಲಿ ನೀವು ದಿನಾ ಮಾತಾಡೋ ವಿಷಯದ ಪದಗಳಿಗೆ ಮಾತ್ರ ಎರಡು ದಿಕ್ಕು, ಉಳಿದದ್ದಕ್ಕೆಲ್ಲ ಗುರುತಿಸೋ ಕಾರ್ಡ್.

ಯಾವ ದಿಕ್ಕೇ ಆಗ್ಲಿ, ಹಿಂದೆ ತಿರುಗಿಸೋ ಮೊದಲು ಉತ್ತರ ನೆನಪಿಸ್ಕೊಳ್ಳೋಕೆ ಒದ್ದಾಡ್ಲೇಬೇಕು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರದ್ದೇ ಮೇಲುಗೈ, ಎರಡು ದಿನ, ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸ್ಕೊಳ್ಳೋ ಅಭ್ಯಾಸ ಮಾಡಿದವರು ಮುಂದೆ. ಪದಪಟ್ಟಿ ಓದ್ತಾ ಕೂತಾಗ ಎಲ್ಲಾ ಬಂದ ಹಾಗೆ ಅನ್ಸೋದು, ಆಮೇಲೆ ಒಂದೂ ಬಾಯಿಗೆ ಬರದೇ ಇರೋದು ಇದರಿಂದಾನೇ.

ರೆಡಿ ಡೆಕ್ಕಾ, ಸ್ವಂತದ್ದಾ

ಟೋಕಿ ಪೋನಾಕ್ಕೆ ಸ್ವಂತದ್ದು, ಅದು ಒಂದೆರಡು ಸಂಜೆಯ ಕೆಲಸ. ಲೋಜ್ಬಾನ್‌ಗೆ ರೆಡಿ ಡೆಕ್ ತಗೊಂಡು ಮೇಲೆ ಹೇಳಿದ ಹಾಗೆ ತಿದ್ದಿಕೊಳ್ಳಿ, 1350 ಪದ ಕೂತು ಟೈಪ್ ಮಾಡೋದ್ರಲ್ಲಿ ಅರ್ಥ ಇಲ್ಲ. ಎಸ್ಪೆರಾಂಟೊಗೆ ಬೇರು ಮತ್ತು ಪ್ರತ್ಯಯದ ಡೆಕ್ ರೆಡಿ ಸಿಕ್ರೆ ತಗೊಳ್ಳಿ, ವಾಕ್ಯದ ಕಾರ್ಡ್ ಮಾತ್ರ ನೀವು ಓದಿದ್ದರಿಂದಲೇ ಮಾಡಿ. ಕ್ಲಿಂಗಾನ್‌ಗೆ ಹೊಸ ಪದಗಳು ಬರ್ತಾನೇ ಇರತ್ತೆ, ಹಳೇ ಡೆಕ್‌ಲಿ ಅವು ಇರಲ್ಲ, ಕೊನೇ ಸಲ ಯಾವಾಗ ತಿದ್ದಿದ್ದಾರೆ ಅಂತ ನೋಡೇ ಇಳಿಸ್ಕೊಳ್ಳಿ. ಡುವೋಲಿಂಗೋದಲ್ಲಿ ಎಸ್ಪೆರಾಂಟೊ, ಕ್ಲಿಂಗಾನ್, ಹೈ ವಲೇರಿಯನ್ (ಗೇಮ್ ಆಫ್ ಥ್ರೋನ್ಸ್ ಸರಣಿಯ ಭಾಷೆ) ಕೋರ್ಸ್‌ಗಳು ಬಂದಿವೆ, ಅದನ್ನ ಮಾಡ್ತಿರೋರು ಅಲ್ಲಿ ಬಂದ ಪದಗಳಿಂದಲೇ ಡೆಕ್ ಕಟ್ಟಿದ್ರೆ ಎರಡೂ ಒಂದಕ್ಕೊಂದು ಆಸರೆ ಆಗತ್ತೆ.

ಈಗ ಆಪ್ ಮತ್ತು ಪೇಪರ್

ಪೇಪರ್ ಕಾರ್ಡ್‌ಗೆ ಲೈಟ್ನರ್ ಪೆಟ್ಟಿಗೆ ಅನ್ನೋ ಪದ್ಧತಿ ಇದೆ, ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಬರೆದಿದ್ದು. ಐದು ಖಾನೆ, ಉತ್ತರ ಸರಿ ಬಂದ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲನೇದಕ್ಕೆ, ಕೊನೇ ಕಡೆಯ ಖಾನೆಗಳನ್ನ ಅಪರೂಪಕ್ಕೆ ತೆಗೆಯೋದು. ನೂರಿನ್ನೂರು ಕಾರ್ಡ್ ಒಳಗೆ ಇದು ಸೊಗಸಾಗಿ ನಡೆಯತ್ತೆ, ಕೈಯಲ್ಲಿ ಬರೆಯೋದೇ ಅರ್ಧ ಕಲಿಕೆ, ಮತ್ತೆ ಸಿತೆಲೆನ್ ಪೋನಾ ಚಿಹ್ನೆ ಬರೆಯೋಕೆ ಪೆನ್ನಿಗಿಂತ ಒಳ್ಳೇದಿಲ್ಲ. ಐನೂರು ದಾಟಿದ ಮೇಲೆ ಮಾತ್ರ ಆಗಲ್ಲ.

ದೊಡ್ಡ ಡೆಕ್‌ಗೆ ಆಂಕಿ. 2006ರಿಂದ ಇದೆ, ಕಂಪ್ಯೂಟರ್ ಮತ್ತೆ ಆಂಡ್ರಾಯ್ಡ್‌ಲಿ ಉಚಿತ, ಐಫೋನ್‌ಲಿ ದುಡ್ಡು ಕೊಡಬೇಕು. ನೋಡೋಕೆ ಚಂದ ಇಲ್ಲ, ಸೆಟಿಂಗ್ಸ್ ಮೊದಮೊದಲು ತಲೆ ತಿನ್ನತ್ತೆ, ಆದ್ರೆ ಒಂದು ನೋಟ್‌ನಿಂದ ಹಲವು ಕಾರ್ಡ್ ಹುಟ್ಟಿಸೋದು, ಖಾಲಿ ಜಾಗದ ವಾಕ್ಯ, ಟೈಪ್ ಮಾಡೋದು, ಆಡಿಯೋ ಎಲ್ಲಾ ಒಂದೇ ಕಡೆ ಇದೆ, ನಮಗೆ ಬೇಕಾಗಿರೋದೂ ಇವೇ. 2023ರಿಂದ ಕಾರ್ಡ್ ಯಾವಾಗ ತೋರಿಸಬೇಕು ಅಂತ ತೀರ್ಮಾನಿಸೋ ಎಫ್‌ಎಸ್‌ಆರ್‌ಎಸ್ ಅನ್ನೋ ಹೊಸ ಲೆಕ್ಕಾಚಾರ ಒಳಗೇ ಸೇರಿದೆ, ಅದನ್ನ ಆನ್ ಮಾಡ್ಕೊಳ್ಳಿ. ಕ್ವಿಜ್ಲೆಟ್ ಥರದವು ಗುಂಪಿನಲ್ಲಿ ಸೇರಿ ಕಲಿಯೋರಿಗೆ ಸುಲಭ, ತಿಂಗಳುಗಟ್ಟಲೆ ನೆನಪಿಟ್ಕೊಳ್ಳೋ ಗುರಿಗೆ ನಾನು ಅದನ್ನ ಆರಿಸಲ್ಲ. ಮೆಮ್‌ರೈಸ್ ಆಪ್‌ಲಿ ಜನ ಮಾಡಿದ ಕಾನ್‌ಲ್ಯಾಂಗ್ ಕೋರ್ಸ್‌ಗಳಿದ್ವು, ಆಮೇಲೆ ಜನ ಮಾಡಿದ್ದನ್ನೆಲ್ಲ ಮುಖ್ಯ ಆಪ್‌ನಿಂದ ಬೇರೆ ಮಾಡಿದ್ರು. ಚಿಕ್ಕ ಭಾಷೆಗಳಿಗೆ ಇದು ದೊಡ್ಡ ವಿಷಯ, ನಿಮ್ಮ ಡೆಕ್‌ನ ಫೈಲ್ ನಿಮ್ಮ ಹತ್ರ ಇಳಿಸ್ಕೊಳ್ಳೋಕೆ ಬರೋ ಆಪ್ ಅಷ್ಟನ್ನೇ ನಂಬಿ.

ಆಂಕಿಯಲ್ಲಿ ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಇಟ್ಟಿರ್ತಾರೆ. ಕಮ್ಮಿ ಮಾಡಿ, ಐದರಿಂದ ಹತ್ತು ಸಾಕು, ಇವತ್ತು ಹಾಕಿದ ಹೊಸದು ಮುಂದಿನ ವಾರ ರಿವ್ಯೂ ಆಗಿ ವಾಪಸ್ ಬರತ್ತೆ ಅನ್ನೋದನ್ನ ಮರೀಬೇಡಿ. ಒಂದೇ ಕಾರ್ಡ್ ಎಂಟು ಸಲ ತಪ್ಪಿದ್ರೆ ಆಂಕಿ ಅದನ್ನ ಲೀಚ್ ಅಂತ ಗುರುತು ಹಾಕತ್ತೆ, ಸೆಟಿಂಗ್ ಹಾಗಿದ್ರೆ ಪಕ್ಕಕ್ಕೂ ಇಡತ್ತೆ. ಅದನ್ನ ಹಾಗೇ ಮುಂದುವರಿಸಿದ್ರೆ ಪ್ರಯೋಜನ ಇಲ್ಲ, ಆ ಕಾರ್ಡ್ ಯಾವ ಕಾರ್ಡ್ ಜೊತೆ ಕಲಸಿಹೋಗ್ತಿದೆ ಅಂತ ನೋಡಿ ಎರಡನ್ನೂ ಹೊಸದಾಗಿ ಬರೀರಿ.

ನೀವೇ ಭಾಷೆ ಕಟ್ತಿದ್ರೆ

ಕಟ್ಟೋರಿಗೆ ತಮ್ಮ ಪದಗಳೇ ಮರೆಯೋದು ಸಾಮಾನ್ಯ, ಅದಕ್ಕೆ ಕಾರ್ಡ್ ಒಳ್ಳೇದು. ಆದ್ರೆ ಪದಗಳು ಬದಲಾಗ್ತಾ ಇರೋದ್ರಿಂದ ಡಿಕ್ಷನರಿಯನ್ನ ಒಂದು ಸ್ಪ್ರೆಡ್‌ಶೀಟ್‌ಲಿ ಇಡಿ, ಮೊದಲ ಕಾಲಂ ಬರೀ ಕ್ರಮಸಂಖ್ಯೆ, ಎರಡನೇದು ಪದ, ಮೂರನೇದು ಅರ್ಥ, ನಾಲ್ಕನೇದು ಒಂದು ವಾಕ್ಯ. ಅದನ್ನ ಸಿಎಸ್‌ವಿ ಫೈಲ್ ಮಾಡಿ ಆಂಕಿಗೆ ಹಾಕಿದಾಗ ಮೊದಲ ಫೀಲ್ಡ್ (ಅಂದ್ರೆ ಮೊದಲ ಕಾಲಂ) ಹೊಂದೋ ನೋಟ್‌ಗಳನ್ನ ಅಪ್‌ಡೇಟ್ ಮಾಡು ಅಂತ ಆರಿಸಬಹುದು, ಆಗ ನೀವು ಪದದ ರೂಪಾನೇ ಬದಲಾಯಿಸಿದ್ರೂ ಹಳೇ ನೋಟ್ ತಿದ್ದಿಕೊಳ್ಳತ್ತೆ, ಅದರ ರಿವ್ಯೂ ಇತಿಹಾಸ ಉಳಿಯತ್ತೆ, ಎರಡೆರಡು ಕಾರ್ಡ್ ಆಗಲ್ಲ. ಕ್ರಮಸಂಖ್ಯೆ ಬದಲು ಪದವನ್ನೇ ಮೊದಲ ಕಾಲಂಲಿ ಇಟ್ರೆ, ಪದ ಬದಲಾದ ದಿನ ಹಳೇದು ಹೊಸದು ಎರಡೂ ಡೆಕ್‌ಲಿ ಉಳ್ಕೊಳ್ಳತ್ತೆ. ರೂಪ ಬದಲಾದ ಕಾರ್ಡ್‌ಗಳಿಗೆ ಒಂದು ಟ್ಯಾಗ್ ಹಾಕಿ, ಅವನ್ನಷ್ಟೇ ಮತ್ತೆ ಹೊಸದಾಗಿ ಕಲಿಯೋಕೆ ರೀಸೆಟ್ ಮಾಡ್ಕೊಳ್ಳಿ.